ಬಾಯಿಂದ ಕೈ ತೆಗೆ

ಗೃಹಸ್ಥರ ಮನೆಗಳಲ್ಲಿ ದಿನವೊಂದಕ್ಕೆ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುವ ವಾಕ್ಯ ಯಾವುದೆಂದು ಲೆಕ್ಕವಿಡುವ ಪುಣ್ಯಾತ್ಮರು ಯಾರಾದರೂ ಇದ್ದಲ್ಲಿ, ಆ ಸ್ಥಾನ ಭಗವಂತನ ನಾಮಕ್ಕೆ ಸಲ್ಲುವುದೆಂದು ನಾನು ನಂಬಲಾರೆ. ಉಗುರು ಕಚ್ಚುವ ಮಗುವಿರುವ ಮನೆಯಲ್ಲಂತೂ "ಬಾಯಿಂದ ಕೈ ತೆಗೆ" ಎಂಬ ಆಜ್ಞೆಯೊಂದೇ ಸಹಸ್ರನಾಮವನ್ನು ಸಂಖ್ಯೆಯಲ್ಲಿ ಹಿಂದಿಕ್ಕುವಂಥದು. ಈ ಆಜ್ಞೆಯನ್ನು ಧಿಕ್ಕರಿಸುವ ಮಗುವನ್ನು ನಾನು ಕಂಡಿಲ್ಲ. ಹೇಳಿದ ಕ್ಷಣವೇ ಕೈ ಕೆಳಗಿಳಿಯುತ್ತದೆ, ಹೇಳಿದವರು ಅತ್ತ ಮುಖ ತಿರುಗಿಸುವಷ್ಟರಲ್ಲಿ ಮತ್ತೆ ಮೇಲೇರುತ್ತದೆ, ಹೀಗೆ ಆಜ್ಞೆಯ ಪಾಲನೆಯೂ ಉಲ್ಲಂಘನೆಯೂ ಒಂದರ ಬೆನ್ನಿಗೊಂದು ನಿರ್ವಿಘ್ನವಾಗಿ ಸಾಗುತ್ತವೆ.

ನಿಷೇಧವೇನೂ ನಿನ್ನೆ ಮೊನ್ನೆಯದಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಮಣ್ಣಹೆಂಟೆಯನ್ನು ಪುಡಿಮಾಡುವವನನ್ನೂ ಹುಲ್ಲೆಸಳನ್ನು ತುಂಡರಿಸುವವನನ್ನೂ ಉಗುರು ಕಚ್ಚುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಇಂಥವರು ಶೀಘ್ರವಾಗಿ ನಾಶ ಹೊಂದುವರೆಂದು ಸಾರುತ್ತದೆ. ಶಿಕ್ಷೆ ಅತಿಯಾಯಿತೆಂದು ನಮಗೆ ತೋರಿದರೂ, ಆ ಮೂವರನ್ನು ಒಟ್ಟಿಗೆ ತಂದ ದೃಷ್ಟಿಯ ಸೂಕ್ಷ್ಮತೆಗೆ ತಲೆದೂಗಲೇಬೇಕು: ಮೂರೂ ಕೆಲಸಗಳು ಒಡೆಯನ ಅಪ್ಪಣೆಯಿಲ್ಲದೆ, ಅವನ ಅರಿವಿಗೂ ಬಾರದೆ, ಕೈ ತಾನೇ ತಾನಾಗಿ ಕೈಕೊಳ್ಳುವ ಉದ್ಯೋಗಗಳು. ನಮ್ಮ ಮನೆಗಳ ಹಿರಿಯ ಹೆಂಗಸರು ಈ ಘೋರ ಶಾಪವನ್ನು ಸ್ವಲ್ಪ ಇಳಿಸಿ, ಉಗುರು ಕಚ್ಚಿದರೆ ಮನೆಗೆ ದರಿದ್ರ ಹೊಗುತ್ತದೆಂಬಲ್ಲಿಗೆ ನಿಲ್ಲಿಸಿದರು.

ಮಗುವಿನ ಸುತ್ತ ಕುಳಿತು ತೀರ್ಪು ಕೊಡುವ ನ್ಯಾಯಮಂಡಳಿಯನ್ನು ಒಮ್ಮೆ ನೋಡಬೇಕು. ಚಿಕ್ಕಪ್ಪನ ಮೊಣಕಾಲು ಅವನು ಕುರ್ಚಿಯಲ್ಲಿ ಕುಳಿತ ಗಳಿಗೆಯಿಂದ ಅಲುಗಾಡುತ್ತಲೇ ಇರುತ್ತದೆ. ಅತ್ತೆ ಮಾತನಾಡುತ್ತ ಮಾತನಾಡುತ್ತ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮತ್ತೆ ಸುತ್ತುತ್ತಾಳೆ. ತಂದೆಯ ಹೆಬ್ಬೆರಳು ಮೊಬೈಲಿನ ಗಾಜನ್ನು ಉಜ್ಜುವುದು ಊಟದ ನಡುವೆಯೂ ನಿಲ್ಲುವುದಿಲ್ಲ. ಮೀಸೆಯುಳ್ಳವರ ಮಾತನ್ನು ಹೇಳುವುದೇ ಬೇಡ. ರಕ್ತ ಕಾಣಿಸದಂಥ ಚಟವನ್ನು ಆರಿಸಿಕೊಂಡ ಅದೃಷ್ಟದಿಂದ ಇವರೆಲ್ಲರೂ ನ್ಯಾಯಪೀಠದ ಮೇಲಿದ್ದಾರೆ.

ನನ್ನ ತಂಗಿಯ ಮೊಮ್ಮಗಳು, ಎಂಟು ವರ್ಷದ ಹುಡುಗಿ, ಲೆಕ್ಕ ಮಾಡುತ್ತ ಕುಳಿತಿದ್ದಾಗ ಪತ್ರಿಕೆಯ ಮರೆಯಿಂದ ಅವಳ ಕೈಯನ್ನೇ ನೋಡುತ್ತಿದ್ದೆ. ಬಲಗೈಯಲ್ಲಿ ಪೆನ್ಸಿಲು, ಎಡಗೈ ಪುಸ್ತಕದ ಮೇಲೆ ನಿಶ್ಚಲ. ಭಾಗಾಕಾರದ ಶೇಷ ಎಣಿಸಿದಂತೆ ಬಾರದೆ ಹೋದೊಡನೆ, ಎಡಗೈಯ ಹೆಬ್ಬೆರಳು ಮೆಲ್ಲನೆ ಎದ್ದು ಮಿಕ್ಕ ಬೆರಳುಗಳ ಅಂಚನ್ನು ಒಂದೊಂದಾಗಿ ಸವರತೊಡಗಿತು. ತೋರುಬೆರಳು ನುಣುಪು, ನಡುಬೆರಳು ನುಣುಪು. ಉಂಗುರದ ಬೆರಳಿನ ಮಗ್ಗುಲಲ್ಲಿ ಎದ್ದಿದ್ದ ಚರ್ಮದ ಸಿಬಿರು ತಗುಲಿದ್ದೇ ತಡ, ಹೆಬ್ಬೆರಳು ಅಲ್ಲಿಯೇ ನಿಂತಿತು. ಕೈ ಬಾಯಿಗೆ ಹೋಯಿತು. ತಲೆ ತುಸು ಓರೆಯಾಯಿತು. ಕೋರೆಹಲ್ಲು ಸಿಬಿರನ್ನು ಹಿಡಿದೆಳೆಯಿತು. ಸಾಸಿವೆಕಾಳಿನಷ್ಟು ರಕ್ತ ಮೂಡಿದ್ದನ್ನು ಲಂಗಕ್ಕೆ ಒರೆಸಿಕೊಂಡ ಹುಡುಗಿ ಇಷ್ಟರಲ್ಲಿ ಒಮ್ಮೆಯೂ ಪುಸ್ತಕದಿಂದ ಕಣ್ಣು ತೆಗೆದಿರಲಿಲ್ಲ.

"ನೋವಾಗಲಿಲ್ವೇನೇ?" ಎಂದೆ.

"ಏನು ತಾತ?"

"ಬೆರಳು ಕಚ್ಚಿಕೊಂಡೆಯಲ್ಲ."

ಅವಳು ಬೆರಳನ್ನು ನೋಡಿಕೊಂಡು, "ನಾನು ಕಚ್ಚಿದ್ನಾ?" ಎಂದಳು.

ಈ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ತಾನು ಮಾಡುತ್ತಿರುವುದೇ ತನಗೆ ತಿಳಿಯದವಳಿಗೆ ಮಾಡಬೇಡವೆಂದು ಹೇಳಿ ಫಲವೇನು? ಅಲ್ಲದೆ ಆ ಹೆಬ್ಬೆರಳು ಹುಡುಕುತ್ತಿದ್ದುದು ಏರುಪೇರನ್ನು. ಅದರ ಸಂಕಲ್ಪ ಅಂಚನ್ನು ಸಮಗೊಳಿಸುವುದು. ದುರದೃಷ್ಟವೆಂದರೆ, ಮೇಜಿನ ನಾಲ್ಕು ಕಾಲನ್ನೂ ಸಮಮಾಡಲು ಹೊರಟು ಒಂದೊಂದನ್ನೇ ಕೊಯ್ಯುತ್ತ ಕೊನೆಗೆ ಹಲಗೆಯನ್ನು ಮಾತ್ರ ಉಳಿಸಿಕೊಂಡ ಬಡಗಿಯಂತೆ, ಹಲ್ಲು ಒಂದು ಸಿಬಿರನ್ನು ಕಿತ್ತು ಎರಡನ್ನು ಎಬ್ಬಿಸುತ್ತದೆ. ಕೆನಡಾ ದೇಶದ ಮಾಂಟ್ರಿಯಲ್ಲಿನ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸಂವಾದಿಯಾಗಿದೆ: ಇಂಥ ಅಭ್ಯಾಸವುಳ್ಳವರಲ್ಲಿ ಎಲ್ಲವೂ ಓರಣವಾಗಿರಬೇಕೆಂಬ ಹಟ ಹೆಚ್ಚೆಂದೂ, ನೆಮ್ಮದಿಯ ಹೊತ್ತಿಗಿಂತ ಬೇಸರವೋ ಆಶಾಭಂಗವೋ ಕವಿದಾಗ ಅವರ ಕೈ ತುಡಿಯುವುದು ಅಧಿಕವೆಂದೂ ಅವರು ಕಂಡರು. ಹಾಗಿದ್ದಲ್ಲಿ ನಾವು ಗದರಿಸಿದಾಗ ಮಗುವಿಗೆ ಉಂಟಾಗುವುದು ಯಾವ ಭಾವ? ಯಾವುದು ಕೈಯನ್ನು ಬಾಯಿಗೆ ಒಯ್ದಿತೋ ಅದೇ ಭಾವ, ಇನ್ನಷ್ಟು ಗಾಢವಾಗಿ.

ಬೇವಿನೆಣ್ಣೆ, ಹಾಗಲಕಾಯಿಯ ರಸ ಮೊದಲಾದ ಕಹಿಗಳ ಪ್ರಯೋಗ ಎಲ್ಲರಿಗೂ ತಿಳಿದದ್ದೇ. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ, ನೋವು ತಿಳಿಯದಂತೆ ಮಾಡುವ ಮದ್ದಿಗಾಗಿ ಸಂಶೋಧನೆ ನಡೆಯುತ್ತಿದ್ದಾಗ ಆಕಸ್ಮಿಕವಾಗಿ ದೊರೆತ ಡೆನಟೋನಿಯಂ ಎಂಬ ಪರಮ ಕಹಿಯಾದ ಪದಾರ್ಥ ಇಂದು ಸೀಸೆಗಳಲ್ಲಿ ಉಗುರಿನ ಲೇಪವಾಗಿ ಬರುತ್ತದೆ. ಮರೆತ ಮಗುವಿಗೆ ಜ್ಞಾಪಕ ಕೊಡುವ ಮಟ್ಟಿಗೆ ಕಹಿಯಿಂದ ಉಪಕಾರವುಂಟು. ಆದರೆ ಸುಲಿದ ಚರ್ಮದ ಮೇಲೆ ಖಾರದ ಪುಡಿ ಸವರುವವರೂ ಇದ್ದಾರೆ, ಅದು ಚಿಕಿತ್ಸೆಯಲ್ಲ, ಹಿಂಸೆ. ಬಾತು ಕೆಂಪಾಗಿ ಕೀವು ತುಂಬಿ ಉಗುರುಸುತ್ತಾದಾಗ ಬೆರಳಿಗೆ ನಿಂಬೆಹಣ್ಣನ್ನು ತೊಡಿಸಿ ಕುಳಿತಿರುವ ಮನೆಗಳು ಈಗಲೂ ಉಂಟು. ಅಂಥ ಹೊತ್ತಿನಲ್ಲಿ ವೈದ್ಯರ ಬಳಿಗೆ ಹೋಗುವುದೇ ಲೇಸು. ಗಾಯ ಮಾಯುವ ಮೊದಲೇ ಮತ್ತೆ ಮತ್ತೆ ಕಿತ್ತುಕೊಳ್ಳುತ್ತ, ನಾಚಿಕೆಯಿಂದ ಕೈಯನ್ನು ಬಚ್ಚಿಡುವ ಮಗುವಿಗೆ ಮಕ್ಕಳ ಮನೋವೈದ್ಯರ ನೆರವೂ ಬೇಕಾದೀತು. ಅದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ನಿರೂಪಿಸಿದ ಕ್ರಮ ಈ ಕಹಿ ಖಾರಗಳಿಗಿಂತ ಸೌಮ್ಯವಾದುದು. ಕೈ ಹೊರಡುವ ಕ್ಷಣವನ್ನು ಮಗು ತಾನೇ ಗುರುತಿಸಲು ಕಲಿಯಬೇಕು. ಗುರುತಿಸಿದೊಡನೆ ಮುಷ್ಟಿ ಬಿಗಿದೋ ಏನನ್ನಾದರೂ ಹಿಡಿದೋ, ತುಡಿತ ಇಳಿಯುವವರೆಗೆ ಒಂದೆರಡು ನಿಮಿಷ ಇರಬೇಕು. ಮನೆಯವರು ತಪ್ಪಿದ್ದನ್ನು ಎಣಿಸದೆ ಗೆದ್ದದ್ದನ್ನು ಮೆಚ್ಚಬೇಕು. ಸೂತ್ರ ಸರಳ, ಆಚರಣೆ ದೀರ್ಘ. ನಮ್ಮ ಹುಡುಗಿಯ ಹೆಬ್ಬೆರಳು ಸವರಲು ಹೊರಟರೆ ಅದೇ ಎಚ್ಚರಿಕೆಯ ಗುರುತೆಂದು ಅವಳಿಗೆ ತೋರಿಸಿಕೊಟ್ಟೆವು. ಹುಡುಕುವ ಬೆರಳಿಗೆ ಸಿಬಿರೇ ಸಿಗದಿರಲೆಂದು ರಾತ್ರಿ ಉಗುರಿನ ಸುತ್ತ ಕೊಬ್ಬರಿ ಎಣ್ಣೆ ಹಚ್ಚುವುದೂ, ಎದ್ದ ಸಿಬಿರನ್ನು ಹಲ್ಲಿನ ಬದಲು ಉಗುರು ಕತ್ತರಿಯಿಂದ ತೆಗೆಯುವುದೂ ರೂಢಿಗೆ ಬಂದವು. ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಲು ಕಲಿತಳು. ಎರಡು ಕೈಯ ಬೆರಳುಗಳನ್ನೂ ಒಂದು ಗಳಿಗೆಯೂ ಬಿಡುವು ಕೊಡದೆ ದುಡಿಸಿಕೊಳ್ಳುವ ವಿದ್ಯೆ ಅದರಂಥದು ಇನ್ನೊಂದಿಲ್ಲ.

ಕಷ್ಟವಾದದ್ದು ಅಜ್ಜಿಯ ಪಾಲಿನ ವ್ರತ. ಬಾಯಿಂದ ಕೈ ತೆಗೆ ಎಂದು ಯಾರೂ ಹೇಳಕೂಡದು, ಕಂಡವರು ಮೇಜನ್ನು ಎರಡು ಸಲ ತಟ್ಟಿದರೆ ಸಾಕು ಎಂದು ಹುಡುಗಿಯೇ ನಿಯಮ ಮಾಡಿದ್ದಳು. ನನ್ನ ತಂಗಿಗೆ ಆ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುವುದನ್ನೂ, ಅವಳು ಅವಸರದಿಂದ ಡಬ್ಬಿ ತೆರೆದು ಒಂದು ಲವಂಗವನ್ನು ಬಾಯಿಗೆ ಹಾಕಿಕೊಂಡು ಮಾತನ್ನು ನುಂಗುವುದನ್ನೂ ಕಂಡಾಗ, ಅಜ್ರಿನ್ ಮತ್ತು ನನ್ ಅವರ ವಿಧಾನವನ್ನು ಆಕೆ ಅವರ ಹೆಸರನ್ನೇ ಕೇಳದೆ ಸಾಧಿಸಿದ್ದಾಳೆಂದು ನನಗೆ ಮನದಟ್ಟಾಯಿತು. ಮಗುವಿನ ಕೈ ಎಷ್ಟು ಅರಿವಿಲ್ಲದೆ ಮೇಲೇಳುತ್ತಿತ್ತೋ, ಹಿರಿಯರ ಗದರಿಕೆಯೂ ಅಷ್ಟೇ ಅರಿವಿಲ್ಲದೆ ಹೊರಡುತ್ತಿತ್ತು. ಒಂದು ಚಟವನ್ನು ಇನ್ನೊಂದು ಚಟ ಕಾವಲು ಕಾಯುತ್ತಿತ್ತು.

ಕೈಬೆರಳಿನ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರು. ಅದಕ್ಕೆ ಅವಸರ ತಿಳಿಯದು. ಪರೀಕ್ಷೆ ಬಂದಾಗ ಹುಡುಗಿ ಮತ್ತೆ ಎರಡು ಬೆರಳುಗಳನ್ನು ಕೆಡಿಸಿಕೊಂಡಳು, ರಜೆಯಲ್ಲಿ ಅವು ಮತ್ತೆ ಚಿಗುರಿದವು. ತಿಂಗಳ ಸಾಮಾನಿನ ಚೀಟಿಯಲ್ಲಿ ಲವಂಗದ ತೂಕ ಮಾತ್ರ ಏರುತ್ತಲೇ ಇದೆ. ಆ ವಿಷಯವಾಗಿ ನಾವು ಯಾರೂ ನನ್ನ ತಂಗಿಗೆ ಏನನ್ನೂ ಹೇಳುವುದಿಲ್ಲ.