ತಾಯಂದಿರು ಉಳಿಸಿದ ನುಡಿ

ಪರಗ್ವೆಯ ರಾಜಧಾನಿ ಅಸುನ್ಸಿಯಾನ್ ನಗರದ ‘ಮೆರ್ಕಾದೊ ಕ್ವಾತ್ರೊ’ ಮಾರುಕಟ್ಟೆಯ ಅಂಚಿನಲ್ಲಿ ಹೆಂಗಸರು ಒರಳು ಮುಂದಿಟ್ಟುಕೊಂಡು ಕೂತಿರುತ್ತಾರೆ. ಹೊಟ್ಟೆ ಉಬ್ಬರಕ್ಕೆ ಒಂದು ಸೊಪ್ಪು, ನಿದ್ದೆ ಬಾರದವರಿಗೆ ಇನ್ನೊಂದು ಬೇರು. ಕೇಳಿದ್ದನ್ನು ಅಲ್ಲೇ ಜಜ್ಜಿ ಕೊಡುತ್ತಾರೆ. ಅದನ್ನು ಐಸ್ ನೀರಿಗೆ ಹಾಕಿ, ಆ ನೀರನ್ನು ಯೆರ್ಬಾ ಮಾತೆ ಎಲೆಯ ಪುಡಿ ತುಂಬಿದ ದನದ ಕೊಂಬಿನ ಲೋಟಕ್ಕೆ ಹೊಯ್ದು, ಲೋಹದ ಕೊಳವೆಯಲ್ಲಿ ಹೀರಿದರೆ ಅದೇ ತೆರೆರೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರು ಅದು. ನಾನು ಹೋದ ಆಗಸ್ಟ್ ತಿಂಗಳಲ್ಲೂ, ಅಲ್ಲಿನ ಚಳಿಗಾಲದಲ್ಲೂ, ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಒಂದೇ ಲೋಟ, ಒಂದೇ ಕೊಳವೆ ಕೈಯಿಂದ ಕೈಗೆ ಸುತ್ತುತ್ತದೆ. ಎಂಜಲು ಮುಸುರೆಯ ಎಚ್ಚರದಲ್ಲಿ ಬೆಳೆದ ನಾನು ಸರದಿ ಬಂದಾಗ ಒಂದು ಗಳಿಗೆ ತಡೆದೆ, ಆಮೇಲೆ ಹೀರಿದೆ. ಗುರುತಿಲ್ಲದವರ ನಡುವೆ ಅಷ್ಟು ಬೇಗ ಜಾಗ ಸಿಕ್ಕಿದ್ದು ನನಗೆ ಬೇರೆಲ್ಲೂ ಇಲ್ಲ.

ಆ ಲೋಟದ ಸುತ್ತ ಕೂತವರು ಆಡುತ್ತಿದ್ದುದು ಸ್ಪ್ಯಾನಿಷ್ ಅಲ್ಲ, ಆ ನೆಲದ ಮೂಲನಿವಾಸಿಗಳ ನುಡಿ ಗ್ವಾರಾನಿ. ಬ್ರೆಜಿಲ್, ಅರ್ಜೆಂಟೀನಾ, ಬೊಲಿವಿಯಾಗಳ ನಡುವೆ ಕಡಲಿಲ್ಲದೆ ಕೂತಿರುವ ಪರಗ್ವೆ ವಿಸ್ತಾರದಲ್ಲಿ ಕರ್ನಾಟಕದ ಎರಡರಷ್ಟಿದೆ, ಜನ ಮಾತ್ರ ಬೆಂಗಳೂರಿಗಿಂತ ಕಡಿಮೆ. ದಕ್ಷಿಣ ಅಮೆರಿಕದ ಉಳಿದೆಡೆ ನೆಲದ ನುಡಿಗಳು ಬಹುಮಟ್ಟಿಗೆ ಮೂಲನಿವಾಸಿಗಳ ಮನೆಗಳಿಗೆ ಸರಿದುಹೋದವು. ಇಲ್ಲಿ ಬಸ್ ಚಾಲಕ, ತರಕಾರಿ ಮಾರುವವಳು, ಯುರೋಪಿನ ಮೂಲದ ಮುಖವುಳ್ಳ ರೈತ ಎಲ್ಲರೂ ಗ್ವಾರಾನಿ ಆಡುತ್ತಾರೆ. ಅದರೊಳಗೆ ಸ್ಪ್ಯಾನಿಷ್ ಧಾರಾಳವಾಗಿ ಬೆರೆಯುತ್ತದೆ; ಆ ಬೆರಕೆಗೆ ಜೊಪರಾ ಎನ್ನುತ್ತಾರೆ.

ಎನ್‌ಕಾರ್ನಾಸಿಯಾನ್ ನಗರದ ಕಡೆಗೆ ಹೊರಟ ಬಸ್ಸಿಗೆ ದಾರಿಯಲ್ಲಿ ಚೀಪಾ ಮಾರುವ ಹೆಂಗಸರು ಬುಟ್ಟಿ ಹೊತ್ತು ಹತ್ತಿದರು. ಮರಗೆಣಸಿನ ಹಿಟ್ಟು, ಗಿಣ್ಣು, ಮೊಟ್ಟೆ ಕಲಸಿ ಸುಟ್ಟ ಬಿಸಿ ಬಿಸಿ ಬನ್ನು. ಕಿಟಕಿಯಾಚೆ ಕೆಂಪು ಮಣ್ಣು, ಎಲೆಯೆಲ್ಲ ಉದುರಿಸಿ ಗುಲಾಬಿ ಹೂವಷ್ಟನ್ನೇ ಹೊತ್ತ ಲಪಾಚೊ ಮರಗಳು. ಬೆಂಗಳೂರಿನ ರಸ್ತೆಗಳನ್ನು ಬೆಳಗಿಸುವ ತಬೇಬುಯ ಇದೇ ಬಳಗದ್ದು. ಬಸ್ಸಿನೊಳಗೆ ಚೌಕಾಸಿ, ನಗು, ಮಗುವನ್ನು ಗದರುವುದು ಎಲ್ಲವೂ ಗ್ವಾರಾನಿಯಲ್ಲೇ. ಸೋತ ಜನರ ನುಡಿ ಇಷ್ಟು ಗಟ್ಟಿಯಾಗಿ ಹೇಗೆ ಉಳಿಯಿತು ಎಂಬ ಪ್ರಶ್ನೆ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

1537ರಲ್ಲಿ ಅಸುನ್ಸಿಯಾನ್ ಕಟ್ಟಿದ ಸ್ಪ್ಯಾನಿಷ್ ಗಂಡಸರ ಜೊತೆ ಅವರ ದೇಶದ ಹೆಂಗಸರು ಬಂದದ್ದು ತೀರಾ ಕಡಿಮೆ. ಅವರು ಗ್ವಾರಾನಿ ಹೆಣ್ಣುಗಳನ್ನು ಇರಿಸಿಕೊಂಡರು, ಎಷ್ಟೋ ಸಲ ಬಲವಂತದಿಂದ. ಹುಟ್ಟಿದ ಮಕ್ಕಳಿಗೆ ಅಪ್ಪನ ಹೆಸರು ಬಂತು, ಅಮ್ಮನ ಮಾತು ಬಂತು. ನೆಲ, ಮೈ, ದುಡಿಮೆ ಎಲ್ಲವನ್ನೂ ಕಳೆದುಕೊಂಡ ಆ ತಾಯಂದಿರು ತಮ್ಮ ಬಳಿ ಉಳಿದಿದ್ದ ಒಂದನ್ನು ಮಕ್ಕಳ ಬಾಯಿಗೆ ದಾಟಿಸಿದರು.

ಆಗಸ್ಟ್ 16 ಪರಗ್ವೆಯಲ್ಲಿ ಮಕ್ಕಳ ದಿನ. ಸಿಹಿ ಹಂಚುತ್ತಾರೆ, ಕುಣಿಯುತ್ತಾರೆ. ಆ ದಿನದ ಹಿಂದಿರುವ ಕಥೆ ಕೇಳಿದರೆ ಎದೆ ಕುಗ್ಗುತ್ತದೆ. 1864ರಿಂದ 1870ರವರೆಗೆ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಒಂದಾಗಿ ಪರಗ್ವೆಯ ಮೇಲೆ ಯುದ್ಧ ಮಾಡಿದವು. 1869ರ ಆಗಸ್ಟ್ 16ರಂದು ಅಕೋಸ್ತಾ ನ್ಯೂ ಬಯಲಲ್ಲಿ ಬ್ರೆಜಿಲ್ ಸೇನೆಯ ಎದುರು ನಿಂತವರಲ್ಲಿ ಬಹಳಷ್ಟು ಮಂದಿ ಹುಡುಗರು. ದೊಡ್ಡವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಸತ್ತುಹೋಗಿದ್ದರು. ಯುದ್ಧ ಮುಗಿದಾಗ ದೇಶದ ಗಂಡಸರಲ್ಲಿ ಬಹುಪಾಲು ಇರಲಿಲ್ಲ. ಉತ್ತವರು, ಬಿತ್ತಿದವರು, ಮನೆ ಕಟ್ಟಿದವರು ಹೆಂಗಸರು. ಎರಡನೇ ಸಲವೂ ಗ್ವಾರಾನಿ ಉಳಿದದ್ದು ಅವರ ಅಡುಗೆಮನೆಯಲ್ಲಿ, ಅವರ ಸಂತೆಯಲ್ಲಿ.

ಶಾಲೆ ಮಾತ್ರ ಆ ನುಡಿಯನ್ನು ಹೊರಗಿಟ್ಟಿತು. ಗ್ವಾರಾನಿ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಆದರೆ 1932ರಲ್ಲಿ ಬೊಲಿವಿಯಾ ಜೊತೆ ಚಾಕೊ ಯುದ್ಧ ಶುರುವಾದಾಗ ಶತ್ರುವಿಗೆ ತಿಳಿಯದ ಮಾತು ಬೇಕಾಯಿತು. ಸೇನೆಯ ಗುಟ್ಟಿನ ಸಂದೇಶಗಳು ಗ್ವಾರಾನಿಯಲ್ಲಿ ಹರಿದಾಡಿದವು. 1992ರ ಸಂವಿಧಾನ ಅದನ್ನು ಸ್ಪ್ಯಾನಿಷ್ ಸಮಕ್ಕೆ ಅಧಿಕೃತ ಭಾಷೆಯನ್ನಾಗಿ ಮಾಡಿತು.

ಎನ್‌ಕಾರ್ನಾಸಿಯಾನ್ ಹತ್ತಿರದ ತ್ರಿನಿದಾದ್‌ನಲ್ಲಿ ಜೆಸ್ಯೂಟ್ ಪಾದ್ರಿಗಳ ಕಾಲದ ನೆಲೆ ಪಾಳುಬಿದ್ದಿದೆ. ಚರ್ಚಿನ ಗೋಡೆಯ ಮೇಲೆ ವಾದ್ಯ ನುಡಿಸುವ ದೇವದೂತರನ್ನು ಗ್ವಾರಾನಿ ಕುಶಲಿಗಳು ಕೆಂಗಲ್ಲಿನಲ್ಲಿ ಕೆತ್ತಿದ್ದಾರೆ. 1767ರಲ್ಲಿ ಸ್ಪೇನಿನ ದೊರೆ ಪಾದ್ರಿಗಳನ್ನು ಹೊರಗಟ್ಟಿದ. ಅದಕ್ಕೂ ಬಹಳ ಮೊದಲು, 1639ರಲ್ಲೇ, ಜೆಸ್ಯೂಟ್ ಪಾದ್ರಿ ಆಂತೋನಿಯೊ ರುಯಿಸ್ ದೆ ಮೊಂತೋಯಾ ಗ್ವಾರಾನಿ ನಿಘಂಟನ್ನು ಅಚ್ಚು ಹಾಕಿಸಿದ್ದರು. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ನೆನಪಾದರು. ಇಬ್ಬರೂ ಧರ್ಮ ಹರಡಲು ಬಂದವರು, ಇಬ್ಬರೂ ಬಂದ ನೆಲದ ಮಾತಿಗೆ ಜೀವ ತೇದವರು. ಆದರೆ ಅವರ ಪುಟಗಳಿಗೆ ಮಾತು ತುಂಬಿಕೊಟ್ಟವರು ಆಡುತ್ತಿದ್ದ ಜನ.

ಮರಳಿ ಅಸುನ್ಸಿಯಾನ್‌ಗೆ ಬಂದಾಗ ಒಂದು ಚೌಕದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡ ಮೂಲನಿವಾಸಿ ಕುಟುಂಬಗಳನ್ನು ಕಂಡೆ. ಅವರ ಕಾಡುಗಳು ಕಡಿದುಹೋಗಿ ಸೋಯಾ ಬೆಳೆಯುವ ಹೊಲಗಳಾಗಿವೆ, ದನದ ಹುಲ್ಲುಗಾವಲುಗಳಾಗಿವೆ. ಭೂಮಿ ಕೇಳಲು ಅವರು ರಾಜಧಾನಿಗೆ ಬರುತ್ತಾರೆ. ಅವರ ಪೂರ್ವಜರ ನುಡಿಯನ್ನು ಇಡೀ ದೇಶ ಹೆಮ್ಮೆಯಿಂದ ಆಡುತ್ತದೆ, ದೇಶದ ನಾಣ್ಯಕ್ಕೂ ಗ್ವಾರಾನಿ ಎಂದೇ ಹೆಸರು. ಅವರಿಗೆ ಮಾತ್ರ ನಿಲ್ಲಲು ನೆಲವಿಲ್ಲ.

ಪರಗ್ವೆಯ ತಾಯಂದಿರಿಂದ ನಾನು ಕಲಿತದ್ದು, ನುಡಿ ಉಳಿಯುವುದು ಮಕ್ಕಳೊಡನೆ ದಿನವೂ ಆಡಿದರೆ ಎಂಬುದನ್ನು. ಆ ಚೌಕದಿಂದ ಕಲಿತದ್ದು ಅದಕ್ಕಿಂತ ಕಠಿಣವಾದದ್ದು. ಕನ್ನಡವನ್ನು ಪ್ರೀತಿಸುತ್ತೇನೆ ಎನ್ನುವ ನಾನು ಸೋಲಿಗರನ್ನು, ಜೇನುಕುರುಬರನ್ನು, ಕಾಡಿನಿಂದ ಎದ್ದು ಬಂದ ಅವರ ಹಾಡಿಗಳನ್ನು ಮರೆತರೆ ಆ ಪ್ರೀತಿ ಅರ್ಧದ್ದು. ಭಾಷೆಯ ಹಬ್ಬ ಮಾಡುವ ಯಾವ ನಾಡಾದರೂ ಅದನ್ನು ಆಡಿ ಉಳಿಸಿದವರ ಹೊಲ, ಮನೆ, ಕಾಡಿನ ಹಕ್ಕಿಗೂ ಅಷ್ಟೇ ಗಟ್ಟಿಯಾಗಿ ದನಿ ಎತ್ತಬೇಕು.