ಸುವರ್ಣಭೂಮಿಗೆ ಇಳಿದ ಅವ್ವ

ನಮ್ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದು 2019ರಲ್ಲಿ. ಅಪ್ಪ, ಅವ್ವ, ನಾನು, ಮೂರು ಜನದ್ದು. 2020ರ ಏಪ್ರಿಲ್‌ಗೆ ಬ್ಯಾಂಕಾಕ್ ಟಿಕೆಟ್ ಆಗಿತ್ತು. ಮುಂದಿನ ಕಥೆ ನಿಮಗೆಲ್ಲ ಗೊತ್ತೇ ಇದೆ, ಲಾಕ್‌ಡೌನ್. 2021ರಲ್ಲಿ ಅಪ್ಪ ಹೋದ. ಮೂರರಲ್ಲಿ ಒಂದು ಪಾಸ್‌ಪೋರ್ಟು ಒಂದೂ ಸಿಕ್ಕೆ ಬೀಳದೆ ಟ್ರಂಕಿನಲ್ಲೇ ಉಳಿಯಿತು.

ಆಮೇಲೆ ಹೊರಡೋದು ಅಂದಾಗಲೆಲ್ಲ ತುಂಗಭದ್ರೆ ಅಡ್ಡ ಬರುತ್ತಿದ್ದಳು. 2023ರಲ್ಲಿ ಬರಗಾಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಕೊಂಡು ಹೋಯಿತು. ಎಡದಂಡೆ ಕಾಲುವೆ ನಂಬಿರೋ ಕಾರಟಗಿಯಲ್ಲಿ ಆ ವಾರ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಕ್ಕಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು, ಡ್ಯಾಮೂ ಮತ್ತೆ ತುಂಬಿತು. ಆದರೆ ಅವ್ವನ ಮನಸ್ಸು ಹಿಂದೆ ಸರಿದಿತ್ತು.

ಈ ಸಲ 33 ಗೇಟುಗಳನ್ನೂ ಬದಲಿಸೋ ಕೆಲಸ ಅಂತ ಎರಡನೇ ಬೆಳೆಗೆ ನೀರಿಲ್ಲ ಅಂದರು. ಗದ್ದೆ ಖಾಲಿ, ಅವ್ವನ ಕೈಯೂ ಖಾಲಿ. "ಈಗಲ್ಲದಿದ್ರ ಇನ್ಯಾವಾಗ ಬೇ?" ಅಂದೆ. "ನೀರಿಲ್ಲದ ವರ್ಷ ವಿಮಾನ ಹತ್ತಿದ್ರ ಮಂದಿ ಏನಂತಾರ?" ಅಂದಳು. ಮಂದಿ ಅಂದರೇನು ಬಿಡಿ, ಅಂದೇ ಅಂದರು. ರೊಕ್ಕದ ಲೆಕ್ಕ ನನಗೂ ಇತ್ತು. ಮುಂದಿನ ಮುಂಗಾರಿನ ಗೊಬ್ಬರದ ದುಡ್ಡನ್ನು ಮೊದಲೇ ಬೇರೆ ಎತ್ತಿಟ್ಟು, ಅದನ್ನು ಅವ್ವನ ಕೈಯಲ್ಲೇ ಎಣಿಸಿಟ್ಟ ಮೇಲೆ ಒಪ್ಪಿದಳು.

ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು ರಾತ್ರಿ ರೈಲಿಗೆ ಬೆಂಗಳೂರು. ಒಂದು ದಿನ ಅಲ್ಲಿದ್ದು ಮರುದಿನ ಬೆಳಿಗ್ಗೆ ವಿಮಾನ. ಕಾರಟಗಿಯಿಂದ ಬೆಂಗಳೂರು ಮುಟ್ಟೋ ಹೊತ್ತಿನ ಅರ್ಧವೂ ಬೇಡ ಬ್ಯಾಂಕಾಕಿಗೆ! ಇಳಿಯೋ ಮುಂಚೆ ಕೆಳಗೆ ನೀರು ತುಂಬಿದ ಚೌಕ ಚೌಕ ಮಡಿಗಳು. ಎಷ್ಟೋ ಮೀನಿನ ಹೊಂಡ ಇರಬೇಕು. ಅವ್ವ ಮಾತ್ರ ಕಿಟಕಿಗೆ ಹಣೆ ಹಚ್ಚಿ, "ಇಲ್ಲಿ ಎರಡನೇ ಬೆಳಿಗೆ ನೀರು ಬಿಟ್ಟಾರ ನೋಡು" ಅಂದಳು. ನಾನು ಸುಮ್ಮನಾದೆ.

ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಅಲ್ಲಿನವರು 'ಸುವನ್ನಪೂಮ್' ಅಂತಾರೆ. ಊರೊಳಗೆ ಹೋಗೋ ರೈಲಿನಲ್ಲಿ ಪ್ರತಿ ಸಲ 'ಸಥಾನಿ' ಅಂತ ಏನೋ ಕೂಗುತ್ತಿತ್ತು. ನಮ್ಮ 'ಸ್ಥಾನ'ವೇ ಅಲ್ಲಿ ಸ್ಟೇಷನ್ ಆಗಿದೆ. ನಮಸ್ಕಾರಕ್ಕೆ ಅವರು ಹೇಳೋ 'ಸವದೀ' ಕೂಡ 'ಸ್ವಸ್ತಿ'ಯಿಂದ ಬಂದದ್ದು. ಅವ್ವನಿಗೆ ಇದನ್ನೆಲ್ಲ ವಿವರಿಸುತ್ತಿದ್ದರೆ ಆಕೆಯ ಚಿಂತೆ ಬೇರೆ. "ಒಂದು ಬಾತ್ ಅಂದ್ರ ಎಷ್ಟು?" ಹತ್ತಿರ ಹತ್ತಿರ ಮೂರು ರೂಪಾಯಿ ಅಂದೆ. "ಬಾತ್ ಅಂದ್ರ ಪಲಾವ್ ಅಲ್ಲೇನು?" :)

ಸಂಜೆ ಒಂದು ಸಣ್ಣ ಹೋಟೆಲಿನಲ್ಲಿ ಊಟ. ಅನ್ನ, ಬೇಯಿಸಿದ ಕಾಯಿಪಲ್ಲೆ. ಮೀನಿನ ಸಾಸ್ ಬೇಡ ಅಂತ ಮೊಬೈಲಿನಲ್ಲಿ ಬರೆದು ತೋರಿಸಿದ್ದಾಯಿತು. ಅವ್ವ ಒಂದು ಅಗುಳು ಎತ್ತಿ ಎರಡು ಬೆರಳಿನಲ್ಲಿ ಒತ್ತಿ ನೋಡಿದಳು. ಸೋನಾ ಮಸೂರಿ ಬೆಳೆದ ಕೈ ಅದು. "ವಾಸನಿ ಚಂದ ಐತಿ. ಆದ್ರ ಹೊಸ ಅಕ್ಕಿ ಅನ್ನ ಇದ್ದಂಗ ಅಂಟತೈತಿ. ಇವ್ರು ಅಕ್ಕಿ ಹಳೇದು ಮಾಡೂದಿಲ್ಲೇನು?" ಅದು ಜಾಸ್ಮಿನ್ ಅಕ್ಕಿ, ಅದರ ಗುಣವೇ ಹಾಗೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಹೋಟೆಲಿನ ಅಜ್ಜಿ ಬಂದು ನಗುತ್ತಾ ಏನೋ ಕೇಳಿದಳು. ಅದರಲ್ಲಿ 'ಕಿನ್ ಖಾವ್' ಅನ್ನೋದಷ್ಟೇ ನನಗೆ ತಿಳಿಯಿತು. ಅಕ್ಷರಶಃ ಅಂದರೆ ಅನ್ನ ಉಣ್ಣೋದು. ಊಟ ಆಯಿತಾ ಅಂತ ಅಲ್ಲಿಯೂ ಕ್ಷೇಮಸಮಾಚಾರಕ್ಕೆ ಕೇಳೋದು ಹಾಗೇ ಅಂತೆ. ನಾನು ಬಾಯಿ ತೆಗೆಯೋ ಮೊದಲೇ ಅವ್ವ ಅಚ್ಚ ಕಾರಟಗಿ ಕನ್ನಡದಲ್ಲಿ, "ಆತ್ರೀ ಯವ್ವಾ, ನಿಮ್ದಾತ?" ಅಂದಳು. ಅಜ್ಜಿ ಜೋರಾಗಿ ತಲೆ ಆಡಿಸಿ, ಕೇಳದೇನೇ ಇನ್ನೊಂದು ಬಟ್ಟಲು ಅನ್ನ ತಂದಿಟ್ಟಳು.