ಶರಾವತಿ ದಾಟಿದ ಮೇಲೆ ಎಲ್ಲಿ ಇಳಿಯುವುದು?

ಸಹೋದರಿಯರೇ, ಭಟ್ಕಳದಿಂದ ಕುಮಟಾ ಬಸ್ಸು ಹತ್ತಿದರೆ ಕಿಟಕಿಯ ಬದಿಗೆ ಕುಳಿತುಕೊಳ್ಳಿ. ಶಿರಾಲಿ, ಮುರ್ಡೇಶ್ವರ, ಮಂಕಿ, ಕಾಸರಕೋಡು ಕಳೆದ ಮೇಲೆ ಶರಾವತಿ. ಸೇತುವೆಯಾಚೆ ಹೊನ್ನಾವರ. ಸುಮಾರು 1342ರ ಹೊತ್ತಿಗೆ ಇಲ್ಲಿಗೆ ಬಂದ ಮೊರಾಕ್ಕೋದ ಇಬ್ನ್ ಬತೂತ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳನ್ನು ಕಂಡುದಾಗಿ ಹೇಳಿದ್ದಾರೆ. ಇದನ್ನು ನಾವು ಭಾಷಣಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅದೇ ಕಥನದಲ್ಲಿರುವ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. ಶೈಖ್ ಮುಹಮ್ಮದ್ ನಾಗೋರಿ ಎಂಬ ಸಜ್ಜನರು ಆ ಪರದೇಶಿಯನ್ನು ತಮ್ಮ ಆಶ್ರಮದಲ್ಲಿ ಸತ್ಕರಿಸಿದರು. ಅಡುಗೆಯನ್ನು ಅವರು ಸ್ವತಃ ಮಾಡುತ್ತಿದ್ದರು.

ಈಗ ನಮ್ಮ ಮಕ್ಕಳೇ ಪರದೇಶಿಗಳು. ದುಬೈಗೆ ಹೋಗುವ ಹುಡುಗನಿಗೆ ಮಾವನದೋ ಅಣ್ಣನ ಗೆಳೆಯನದೋ ರೂಮಿನಲ್ಲಿ ಒಂದು ಮಂಚ ಸಿಗುತ್ತಿತ್ತು. ಜರ್ಮನಿಗೆ ಓದಲು ಹೊರಟ ಮಗಳಿಗೆ ಅಲ್ಲಿ ಯಾವ ಮಾವ?

ಆದ್ದರಿಂದ ತಾಯಂದಿರಿಗೂ ಕೆಲವು ವಿಷಯ ತಿಳಿದಿರಲಿ. ಅಲ್ಲಿ ಬಾಡಿಗೆಯಲ್ಲಿ 'ತಣ್ಣನೆಯದು', 'ಬೆಚ್ಚನೆಯದು' ಎಂದು ಎರಡು ಬಗೆ! ತಣ್ಣನೆಯದೆಂದರೆ ಬರೀ ಕೋಣೆಯ ಬಾಡಿಗೆ. ಬೆಚ್ಚನೆಯದರಲ್ಲಿ ನೀರು, ಚಳಿಗೆ ಕೋಣೆ ಕಾಯಿಸುವ ಖರ್ಚು ಸೇರಿರುತ್ತದೆ. ಕರೆಂಟಿನ ಬಿಲ್ಲು ಹಲವೆಡೆ ಬೇರೆಯೇ. ಅಡ್ವಾನ್ಸ್ ತಣ್ಣನೆಯ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಇದು ಅಲ್ಲಿನ ಕಾನೂನು. ಮನೆ ಸೇರಿದ ಎರಡು ವಾರದೊಳಗೆ ಸರಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. 'ನೋಂದಣಿ ಬೇಡ' ಎನ್ನುವವನ ಕೋಣೆ ಅಗ್ಗವಾದರೂ ಬೇಡ. 'ನಾನು ಬೇರೆ ದೇಶದಲ್ಲಿದ್ದೇನೆ, ಹಣ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ' ಎನ್ನುವವನು ವಂಚಕನೆಂದೇ ತಿಳಿಯಿರಿ. ಬಳೆ ಅಡವಿಟ್ಟ ಹಣ ಫೋಟೋ ನೋಡಿ ಕಳಿಸುವಂಥದ್ದಲ್ಲ. ಪ್ರವೇಶಪತ್ರ ಕೈಸೇರಿದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿಸಿ. ಅಲ್ಲಿನ ಸರದಿ ಉದ್ದ. ಕೋಣೆ ಸಿಗುವವರೆಗೆ ಕೆಲವು ವಾರ ಹಾಸ್ಟೆಲಿನಲ್ಲಿದ್ದು ಕಣ್ಣಾರೆ ನೋಡಿ ಹಿಡಿಯುವುದು ಮೇಲು.

ಹೊನ್ನಾವರದಿಂದ ಕುಮಟಾ ಇನ್ನು ಸುಮಾರು ಇಪ್ಪತ್ತು ಕಿಲೋಮೀಟರು. ಈ ಹಾದಿಯಲ್ಲಿ ಎದುರಿನಿಂದ ಭಟ್ಕಳದ ಕಡೆಗೂ ಮಕ್ಕಳು ಓದಲು ಬರುತ್ತಾರೆ. 1919ರಲ್ಲಿ ಆರಂಭವಾದ ಅಂಜುಮನ್‌ನ ಕಾಲೇಜುಗಳು ಅಲ್ಲಿವೆ. ಆ ಮಕ್ಕಳು ಕೋಣೆ ಕೇಳಿಕೊಂಡು ಬಂದರೆ ನಾವು ಏನೆನ್ನುತ್ತೇವೆ? ಯಾರ ಮಗಳು, ಯಾವ ಜಾತಿ, ಪರಿಚಯದವರು ಯಾರು ಎಂದು ಗೇಟಿನಲ್ಲೇ ವಿಚಾರಿಸಿ ಕಳಿಸುತ್ತೇವೆ. ಮನೆಯವರೆಲ್ಲ ಗಲ್ಫಿನಲ್ಲಿದ್ದು, ಎರಡು ವರ್ಷಕ್ಕೊಮ್ಮೆ ಬೀಗ ತೆರೆಯುವ ದೊಡ್ಡ ಮನೆಗಳು ನಮ್ಮ ಬೀದಿಗಳಲ್ಲೇ ಇವೆ. ಅಂಥ ಮನೆಯ ಕೋಣೆಗಳನ್ನು ತಿಂಗಳಿಗೊಮ್ಮೆ ಗುಡಿಸಲು ಸಂಬಳ ಕೊಟ್ಟು ಒಬ್ಬಳನ್ನು ಇಟ್ಟುಕೊಂಡಿರುತ್ತೇವೆ.